ನದಿಗೆ ಕೈಮುಗಿದರೆ ಸಾಲದು



ಮೊನ್ನೆ ಫ್ಲೂಗರ್‌ವಿಲ್ ಕೆರೆಯ ದಂಡೆಯಲ್ಲಿ ನಾವು ನಾಲ್ಕಾರು ಕುಟುಂಬದವರು ಬುತ್ತಿ ಬಿಚ್ಚಿ ಕುಳಿತಾಗ ಮಾತು ಅಘನಾಶಿನಿಯ ಕಡೆಗೆ ಹೊರಳಿತು. "ಗುಂಡಿ ಒತ್ತಿದರೆ ದೀಪ, ನಲ್ಲಿ ತಿರುಗಿಸಿದರೆ ನೀರು ಬರುವ ದೇಶದಲ್ಲಿ ಕೂತು, ಅಲ್ಲಿಯವರಿಗೆ ಯೋಜನೆ ಬೇಡ ಎನ್ನಲು ನಮಗೇನು ಹಕ್ಕು?" ಎಂದರು ಮಿತ್ರರೊಬ್ಬರು. ಹಲವರು ತಲೆದೂಗಿದರು. ಅಂದು ಉತ್ತರಿಸದೆ ಎದ್ದು ಬಂದದ್ದು ನಮ್ಮ ತಪ್ಪು. ಈಗ ಉತ್ತರಿಸುತ್ತೇವೆ.

ಆ ಕೆರೆಗೆ ನೀರು ಬರುವುದು ಕೊಲೊರಾಡೊ ನದಿಯಿಂದ, ಪೈಪಿನಲ್ಲಿ. ಆಸ್ಟಿನ್ನಿನ ಮೇಲ್ಗಡೆ ಆ ನದಿಗೆ ಸಾಲು ಅಣೆಕಟ್ಟುಗಳಿವೆ. ಅವಕ್ಕಾಗಿ ದುಡಿದವರಲ್ಲಿ ಇಲ್ಲಿಯವರೇ ಆದ ಲಿಂಡನ್ ಜಾನ್ಸನ್ ಒಬ್ಬರು. ಅದೇ ಜಾನ್ಸನ್ ಅಧ್ಯಕ್ಷರಾಗಿ 1968ರ ಅಕ್ಟೋಬರ್ 2ರಂದು, ನಮ್ಮ ಗಾಂಧಿ ಜಯಂತಿಯ ದಿನವೇ, ವನ್ಯ ನದಿಗಳ ರಕ್ಷಣೆಯ ಕಾಯಿದೆಗೆ ಸಹಿ ಹಾಕಿದರು. ಎಲ್ಲ ಅಣೆಕಟ್ಟುಗಳನ್ನೂ ಅದು ನಿಷೇಧಿಸಲಿಲ್ಲ. ಕೆಲವು ನದಿಗಳನ್ನಾದರೂ ಅವುಗಳ ಪಾಡಿಗೆ ಬಿಡೋಣ ಎಂದಿತು, ಅಷ್ಟೆ. ಎಂಟು ನದಿಗಳಿಂದ ಆರಂಭವಾದ ಪಟ್ಟಿ ಇಂದು ಇನ್ನೂರನ್ನು ದಾಟಿದೆ.

ಹಾಗೆಂದು ಅಮೆರಿಕವನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಇಷ್ಟು ದೊಡ್ಡ ಟೆಕ್ಸಾಸಿನಲ್ಲಿ ಆ ರಕ್ಷಣೆ ಸಿಕ್ಕಿರುವುದು ರಿಯೋ ಗ್ರಾಂಡೆಯ ಇನ್ನೂರು ಮೈಲಿಗೂ ಕಡಿಮೆ ಭಾಗಕ್ಕೆ, ಅದೂ 1978ರಲ್ಲಿ. ನಮ್ಮ ಮಕ್ಕಳು ಈಜುವ ಬಾರ್ಟನ್ ಸ್ಪ್ರಿಂಗ್ಸ್ ಉಳಿದಿರುವುದಕ್ಕೂ ಯಾರ ಔದಾರ್ಯವೂ ಕಾರಣವಲ್ಲ. 1990ರಲ್ಲಿ ನೂರಾರು ನಾಗರಿಕರು ರಾತ್ರಿಯಿಡೀ ನಗರಸಭೆಯಲ್ಲಿ ಸರದಿಯಲ್ಲಿ ನಿಂತು ವಾದಿಸಿದರು. 1992ರಲ್ಲಿ ಜನರೇ ಮತ ಹಾಕಿ, ಆ ಜಲಾನಯನದಲ್ಲಿ ಕಟ್ಟಡ, ಡಾಂಬರುಗಳಿಗೆ ಮಿತಿ ಹೇರಿದರು.

ಶಿರಸಿಯವರು ಇದನ್ನು ಇಲ್ಲಿಂದ ಕಲಿಯಬೇಕಾಗಿಲ್ಲ. 1981ರಲ್ಲೇ ಅಡಿಕೆ ಬೆಳೆಗಾರರ ಸಹಕಾರಿ ಸಂಘ ವಿಜ್ಞಾನಿಗಳನ್ನು ಕರೆಸಿ, ಬೇಡ್ತಿ ವಿದ್ಯುತ್ ಯೋಜನೆಯ ಲಾಭನಷ್ಟದ ಲೆಕ್ಕವನ್ನು ಎದುರಿಗಿಟ್ಟಿತು. ಯೋಜನೆ ನಿಂತಿತು. ಆದರೆ ನಿಂತದ್ದು ಯೋಜನೆ ಮಾತ್ರ; ನದಿಗೆ ಕಾಯಂ ರಕ್ಷಣೆ ಸಿಗಲಿಲ್ಲ. ಹೀಗಾಗಿ ಬೇಡ್ತಿಯನ್ನು ವರದೆಗೆ, ಅಘನಾಶಿನಿಯನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾಪಗಳು ಬಂದಿವೆ. ಪ್ರತಿ ಪೀಳಿಗೆಯೂ ಅದೇ ಹೋರಾಟವನ್ನು ಮೊದಲಿನಿಂದ ಮಾಡಬೇಕೆ?

ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್ಸರ್ ಮನ್ನಣೆ ಬಂತು, ಸಂತೋಷ. ಆದರೆ ಅಲ್ಲಿಯ ಕಗ್ಗ ಭತ್ತ, ಮೀನು, ಚಿಪ್ಪಿ ಎಲ್ಲವೂ ಬದುಕಿರುವುದು ಘಟ್ಟದಿಂದ ಇಳಿಯುವ ಸಿಹಿನೀರು ಉಪ್ಪುನೀರಿಗೆ ಸೇರುವುದರಿಂದ. ಅಳಿವೆಗೆ ಮನ್ನಣೆ ಕೊಟ್ಟು ಮೇಲೆ ನೀರು ತಿರುಗಿಸುವುದೆಂದರೆ, ರೋಗಿಯ ತುಟಿಗೆ ಔಷಧ ಸವರಿ ಕುತ್ತಿಗೆ ಹಿಸುಕಿದಂತೆ. ವೈದ್ಯರಾಗಿ ನಾವು ಇದನ್ನು ಚಿಕಿತ್ಸೆ ಎನ್ನಲಾರೆವು.

ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಅಲ್ಲಿಯ ಹೂಳು ತುಂಬಿದ ಕೆರೆಗಳನ್ನು ಮೊದಲು ತೆಗೆಸಿ ಎನ್ನುವುದು ಆ ರೈತರ ವಿರುದ್ಧದ ಮಾತೂ ಅಲ್ಲ.

ಇನ್ನು ಹಕ್ಕಿನ ಪ್ರಶ್ನೆ. ನಮ್ಮಲ್ಲಿ ಎಷ್ಟೋ ಮಂದಿ ಪರೀಕ್ಷೆಗೆ ಓದಿದ್ದು ಶರಾವತಿಯ ಬೆಳಕಿನಲ್ಲಿ. ಲಿಂಗನಮಕ್ಕಿಯಲ್ಲಿ ಮನೆಮಠ ಮುಳುಗಿಸಿಕೊಂಡ ಎಷ್ಟೋ ಕುಟುಂಬಗಳು ಅರವತ್ತು ವರ್ಷಗಳ ಮೇಲೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಆ ಋಣ ನಮ್ಮ ತಲೆಯ ಮೇಲಿದೆ. ಸಾಲಗಾರನಿಗೆ ಬಾಯಿ ತೆರೆಯುವ ಹಕ್ಕಿದೆಯೋ ಇಲ್ಲವೋ, ಕರ್ತವ್ಯವಂತೂ ಇದೆ. ಒಂದು ಶರಾವತಿಯನ್ನು ಕೊಟ್ಟಾಯಿತು. ಒಂದು ಅಘನಾಶಿನಿಯನ್ನಾದರೂ ಹರಿಯಲು ಬಿಡೋಣ.

ಭಾರತದಲ್ಲಿ ವನ್ಯ ನದಿಗಳಿಗೆಂದೇ ಒಂದು ಕಾಯಿದೆ ಇಲ್ಲ. ಅದು ಬೇಕೆಂದು, ಅಘನಾಶಿನಿಯಿಂದಲೇ ಅದು ಆರಂಭವಾಗಲೆಂದು ಕರ್ನಾಟಕ ಸರ್ಕಾರಕ್ಕೆ ನಮ್ಮ ಸಂಘ ಒಂದು ಠರಾವು ಕಳಿಸಲಿ. ಮುಂದಿನ ಸಭೆಯಲ್ಲಿ ನಾವು ಅದನ್ನು ಮಂಡಿಸುತ್ತೇವೆ. ಒಪ್ಪದವರೂ ಬನ್ನಿ, ವಾದಿಸಿ. ಪೂಜೆಯ ಕಲಶದ ಮುಂದೆ ಗಂಗೆ, ಕಾವೇರಿಯರ ಹೆಸರು ಹೇಳಿ ಕೈಮುಗಿಯುವ ನಾವು, ಹರಿಯುವ ನದಿಗಾಗಿ ಒಂದು ಸಹಿ ಹಾಕಲಾರೆವೆ?