ಬೇಲಿಯೊಂದೇ ಹುಲ್ಲುಗಾವಲನ್ನು ಕಾಯದು

ದನಕುರಿಗಳನ್ನು ಹೊರಗಟ್ಟಿದರೆ ಬೆಟ್ಟದ ಹುಲ್ಲುಗಾವಲು ತಾನಾಗಿಯೇ ಚೇತರಿಸಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಂತ ಬಾಗ್ಚಿ ಮತ್ತು ಸಂಗಡಿಗರು ಹಿಮಾಚಲದ ಸ್ಪಿತಿಯಲ್ಲಿ ನಡೆಸಿದ ಅಧ್ಯಯನ ಆ ನಂಬಿಕೆಯ ಬುಡವನ್ನೇ ಅಲುಗಿಸುತ್ತದೆ. ಅಲ್ಲಿನ ಒಣ, ಚಳಿಗಾಳಿಯ ಎತ್ತರದಲ್ಲಿ ಅವರು ಕೆಲವು ತುಂಡು ನೆಲಕ್ಕೆ ಬೇಲಿ ಹಾಕಿ ಪ್ರಾಣಿಗಳನ್ನು ದೂರವಿಟ್ಟರು. ಪಕ್ಕದ ನೆಲವನ್ನು ಯಾಕ್, ಐಬೆಕ್ಸ್‌ಗಳ ಮೇವಿಗೆ ಬಿಟ್ಟರು. ಎರಡೂ ಕಡೆಯ ಮಣ್ಣನ್ನು ವರ್ಷ ವರ್ಷವೂ ತೆಗೆದು ಇಂಗಾಲ ಅಳೆದರು. ದಶಕಕ್ಕೂ ಮಿಕ್ಕಿದ ಈ ಕೆಲಸದ ಫಲ 2022ರಲ್ಲಿ ಪ್ರಕಟವಾಯಿತು: ಪ್ರಾಣಿಗಳಿಲ್ಲದ ಕಡೆ ಮಣ್ಣಿನ ಇಂಗಾಲದ ಏರಿಳಿತ ಶೇ 30ರಿಂದ 40ರಷ್ಟು ಹೆಚ್ಚು. ಸಾರಜನಕ ಈ ಇಂಗಾಲವನ್ನು ಹಿಡಿದಿಡಲೂಬಹುದು, ಕದಲಿಸಲೂಬಹುದು. ಪ್ರಾಣಿಗಳು ಮೇದಾಗ ಅದು ಹಿಡಿದಿಡುವತ್ತ ವಾಲುತ್ತದೆ. ಇಂಗಾಲವನ್ನು ಮಣ್ಣಿನಲ್ಲೇ ಉಳಿಸಲೆಂದು ಹವಾಮಾನದ ಹೆಸರಿನಲ್ಲಿ ಬೇಲಿ ಹಾಕುವವರು ಇದನ್ನು ಗಮನಿಸಲೇಬೇಕು.

ಹಾಗಿದ್ದರೆ ಎಷ್ಟು ಬೇಕಾದರೂ ಮೇಯಿಸಬಹುದೇ ಎಂದು ಕೇಳುವವರ ಆತಂಕ ಪೊಳ್ಳಲ್ಲ. ವನ್ಯಜೀವಿ ವಿಜ್ಞಾನಿ ಚಾರುದತ್ತ ಮಿಶ್ರ ಅವರ ಸಂಶೋಧನೆ ತೋರಿಸಿದಂತೆ, ಜಾನುವಾರು ವಿಪರೀತವಾದ ಕಡೆ ಕಾಡುಪ್ರಾಣಿಗಳಾದ ನೀಲಿ ಕುರಿಗಳಿಗೆ ಚಳಿಗಾಲದ ಹುಲ್ಲು ಸಾಲದೆ ಮರಿಗಳ ಸಂಖ್ಯೆ ಕುಗ್ಗುತ್ತದೆ. ಬಾಗ್ಚಿ ತಂಡವೇ 2023ರಲ್ಲಿ ಇನ್ನೊಂದು ಸಂಗತಿ ಹೇಳಿತು: ಕಾಡುಪ್ರಾಣಿಗಳು ಮೇಯುವ ನೆಲಕ್ಕಿಂತ ಜಾನುವಾರು ಮೇಯುವ ನೆಲದಲ್ಲಿ ಇಂಗಾಲ ಕಡಿಮೆ. ಜಾನುವಾರಿಗೆ ಕೊಡುವ ಟೆಟ್ರಾಸೈಕ್ಲಿನ್‌ನಂಥ ಔಷಧ ಸಗಣಿ, ಗಂಜಲದ ಮೂಲಕ ಮಣ್ಣು ಸೇರಿ ಸೂಕ್ಷ್ಮಜೀವಿಗಳನ್ನು ಬಾಧಿಸುವುದು ಅದಕ್ಕೊಂದು ಕಾರಣ ಎಂದು ಅವರು ಗುರುತಿಸಿದ್ದಾರೆ. ಅಂದರೆ ಯಾವ ಪ್ರಾಣಿ, ಎಷ್ಟು, ಯಾವ ತಿಂಗಳು, ಯಾವ ಔಷಧ ಉಂಡು ಮೇಯುತ್ತದೆ ಎಂಬುದೇ ಮುಖ್ಯ. ಇದ್ಯಾವುದಕ್ಕೂ ಸಾರಾಸಗಟು ನಿಷೇಧದಲ್ಲಿ ಉತ್ತರವಿಲ್ಲ. ಸ್ಪಿತಿಯವರಿಗೆ ಹೊಲದ ಗೊಬ್ಬರವೂ ಚಳಿಗಾಲದ ಉರುವಲೂ ಜಾನುವಾರಿನಿಂದ ಬರುತ್ತವೆ. ಒಂದು ಇಳಿಜಾರಿನಿಂದ ಅಟ್ಟಿದರೆ ಹಿಂಡು ಇನ್ನೊಂದನ್ನು ಹುಡುಕಿಕೊಂಡು ಹೋಗುತ್ತದೆ.

ಬೇರೆ ದಾರಿ ಅಲ್ಲಿನ ಕಿಬ್ಬರ್ ಹಳ್ಳಿಯಲ್ಲಿದೆ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಜೊತೆ ಒಪ್ಪಂದ ಮಾಡಿಕೊಂಡು ಊರಿನವರು 1990ರ ದಶಕದ ಕೊನೆಯಲ್ಲಿ ತಮ್ಮ ಗೋಮಾಳದ ಒಂದು ಭಾಗವನ್ನು ಮೇಯಿಸದೆ ಬಿಟ್ಟರು. ಅದಕ್ಕೆ ಪರಿಹಾರ ಪಡೆದರು, ಕಾವಲಿಗೆ ತಮ್ಮವರನ್ನೇ ನೇಮಿಸಿದರು. ಅಲ್ಲಿ ನೀಲಿ ಕುರಿಗಳು ಹೆಚ್ಚಿದವು. ಅಲ್ಲೂ ಮೇಯಿಸುವುದು ನಿಂತಿತಲ್ಲ, ನಿಷೇಧವೂ ಅದೇ ತಾನೆ ಎನ್ನಬಹುದು. ಆದರೆ ಯಾವ ನೆಲ ಬಿಡಬೇಕೆಂದು ಮೇಯಿಸುವವರೇ ನಿಶ್ಚಯಿಸಿದರು, ಉಳಿದ ನೆಲ ಅವರ ಕೈಯಲ್ಲೇ ಉಳಿಯಿತು. ಎಲ್ಲೆಡೆ ಇದು ಇದ್ದಂತೆಯೇ ನಡೆಯದು, ಹಣವೂ ಬೇಕು. ಬೇಲಿಗೂ ಕಾವಲಿಗೂ ಸುರಿಯುವ ಹಣದ ಒಂದು ಪಾಲನ್ನು ಹತ್ತಿಪ್ಪತ್ತು ವರ್ಷ ನಿಲ್ಲದೆ ಮಣ್ಣು ಅಳೆಯುವ ಕೆಲಸಕ್ಕೂ ಕುರಿಗಾಹಿಗಳೊಡನೆ ಇಂಥ ಒಪ್ಪಂದಗಳಿಗೂ ಸರ್ಕಾರಗಳು ಮೀಸಲಿಡಲಿ.