ನೊರೆಗುಳ್ಳೆಯ ಆಟವೂ ಹಿರಿಯರ ಹೊಣೆಯೂ

ಮಗುವಿನ ಕೈಗೆ ಆಟಿಕೆಯನ್ನಿತ್ತು ತಮ್ಮ ಪಾಡಿಗೆ ತಾವು ಹೊರಟುಹೋಗುವುದನ್ನು ಇಂದಿನ ಹಿರಿಯರು ವಾತ್ಸಲ್ಯವೆಂದು ತಿಳಿದಿದ್ದಾರೆ. ಅದು ವಾತ್ಸಲ್ಯವಲ್ಲ, ಹೊಣೆಯಿಂದ ನುಣುಚಿಕೊಳ್ಳುವ ಉಪಾಯವೆಂಬುದು ನನ್ನ ಖಚಿತಾಭಿಪ್ರಾಯ. ಮಾತು ಕಟುವೆನಿಸಬಹುದು. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಮನೆಗಳಲ್ಲಿ ನಡೆಯುತ್ತಿರುವುದನ್ನು ಕಂಡೂ ಸುಮ್ಮನಿರುವುದು ಉಚಿತವಲ್ಲವೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ದೃಷ್ಟಾಂತಕ್ಕೆ ದೊಡ್ಡ ವಿಷಯವೇನೂ ಬೇಕಿಲ್ಲ. ಎಳೆಯ ಮಕ್ಕಳು ಊದಿ ಹಾರಿಸುವ ನೊರೆಗುಳ್ಳೆಯೇ ಸಾಕು.

ಕೋಟೇಶ್ವರದ ಕೊಡಿ ಹಬ್ಬವಿರಲಿ, ಮಕರ ಸಂಕ್ರಮಣದ ಮಾರಣಕಟ್ಟೆಯ ಜಾತ್ರೆಯಿರಲಿ, ಆಟಿಕೆಯ ಅಂಗಡಿಗಳ ಸಾಲಿನಲ್ಲಿ ಈಗ ಗುಳ್ಳೆ ಹಾರಿಸುವ ಪ್ಲಾಸ್ಟಿಕ್ ಪಿಸ್ತೂಲು ತಪ್ಪದೆ ಕಾಣಸಿಗುತ್ತದೆ. ಒಳಗೆ ಬ್ಯಾಟರಿ, ಪುಟ್ಟ ಪಂಖ, ಬಣ್ಣದ ದೀಪ. ಕುದುರೆಯನ್ನು ಒತ್ತಿದರೆ ಗುಳ್ಳೆಗಳು ಸಾಲುಸಾಲಾಗಿ ಹೊರಡುತ್ತವೆ. ಊದುವ ಕೆಲಸ ಪಂಖದ್ದು, ಬೆರೆಸುವ ಕೆಲಸ ಕಾರ್ಖಾನೆಯದು. ಮಗುವಿಗೆ ಉಳಿದದ್ದು ಬೆರಳಿನಿಂದ ಒತ್ತುವ ಕೆಲಸವೊಂದೇ. ಸೀಸೆಯ ದ್ರಾವಣ ಮುಗಿಯುತ್ತಲೇ ಆಟವೂ ಮುಗಿಯಿತು. ಪಿಸ್ತೂಲು ಬಚ್ಚಲ ಹಿಂದಿನ ಕಸದ ರಾಶಿಗೆ ಸೇರಿತು. ಅಹಿಂಸೆಯನ್ನು ಬಾಯಿತುಂಬ ಹೊಗಳುವ ನಾವು, ಮೂರು ವರ್ಷದ ಕೂಸಿಗೆ ಇನ್ನೊಬ್ಬರ ಮುಖಕ್ಕೆ ಗುರಿಯಿಡುವ ಆಕಾರದ ವಸ್ತುವನ್ನು ನಗುನಗುತ್ತ ಕೊಡಿಸುತ್ತೇವಲ್ಲ, ಇದನ್ನು ಯಾವ ನೀತಿಯೆನ್ನಬೇಕು?

ಕಾನೂನು ಎಲ್ಲವನ್ನೂ ನೋಡಿಕೊಳ್ಳುವುದೆಂದು ನಂಬಿದವರಿಗೂ ಒಂದು ಮಾತು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಜಾತ್ರೆಯ ಅಂಗಡಿಯಲ್ಲಿ ಆ ಗುರುತನ್ನು ಹುಡುಕಿ ಕೊಂಡವರು ಎಷ್ಟು ಮಂದಿ? 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ನಿಷಿದ್ಧವಾದವು. ಬಲೂನಿಗೆ ಕಟ್ಟುವ ಕಡ್ಡಿ, ಪಾನೀಯ ಹೀರುವ ಕೊಳವೆಗಳು ಆ ಪಟ್ಟಿಯಲ್ಲಿವೆ. ಗುಳ್ಳೆಯ ಪಿಸ್ತೂಲು ಅದರಲ್ಲಿಲ್ಲ. ಹೊರದೇಶಗಳಲ್ಲಿ ಇಂತಹ ದ್ರಾವಣದಲ್ಲಿ ರೋಗಾಣುಗಳು ಕಂಡುಬಂದು, ಮಾರಿದ ಸರಕನ್ನು ಹಿಂದಕ್ಕೆ ಪಡೆದ ಪ್ರಸಂಗಗಳುಂಟು. ಆದುದರಿಂದ ವಿವೇಚನೆಯ ಭಾರ ಮನೆಯವರ ಮೇಲೆಯೇ ಬೀಳುತ್ತದೆ.

ಹಾಗಾದರೆ ಮಾಡಬೇಕಾದುದೇನು? ನಮ್ಮ ಕರಾವಳಿಯಲ್ಲಿ ಈ ಆಟಕ್ಕೆ ಬೇಕಾದ ಸಾಮಗ್ರಿಗಾಗಿ ಪೇಟೆಗೆ ಹೋಗಬೇಕಾಗಿಯೇ ಇಲ್ಲ. ರೇಶ್ಮೆ ಸೀರೆ ಒಗೆಯಲು, ಚಿನ್ನದ ಒಡವೆ ಬೆಳಗಲು ನಮ್ಮ ತಾಯಂದಿರು ಬಳಸುತ್ತಿದ್ದ ಅಂಟುವಾಳವನ್ನು ನೆನೆಯಿರಿ. ಉದುರಿ ಒಣಗಿದ ಎಂಟು ಹತ್ತು ಕಾಯಿಗಳನ್ನು ಒಡೆದು, ಕಪ್ಪು ಬೀಜವನ್ನು ತೆಗೆದು, ಸಿಪ್ಪೆಯನ್ನು ಒಂದು ಲೋಟ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕಬೇಕು. ಬೆಳಿಗ್ಗೆ ಕಿವುಚಿ, ಬಟ್ಟೆಯಲ್ಲಿ ಸೋಸಿ, ಒಂದು ಚಮಚ ಸಕ್ಕರೆ ಕರಗಿಸಿದರೆ ದ್ರಾವಣ ಸಿದ್ಧ. ಸಕ್ಕರೆಯು ನೀರು ಬೇಗನೆ ಆರದಂತೆ ತಡೆಯುವುದರಿಂದ ಗುಳ್ಳೆಯ ಆಯುಷ್ಯ ತುಸು ಹೆಚ್ಚುತ್ತದೆ. ಅಂಟುವಾಳ ಸಿಗದವರು ಪಾತ್ರೆ ತೊಳೆಯುವ ದ್ರವದ ಒಂದು ಪಾಲಿಗೆ ಆರೇಳು ಪಾಲು ನೀರು ಬೆರೆಸಬಹುದು. ಕೆಲವರು ಜೇನನ್ನೋ ಗ್ಲಿಸರಿನ್ನನ್ನೋ ಸೇರಿಸಲು ಹೇಳುತ್ತಾರೆ. ಸಕ್ಕರೆಯಿಂದಲೇ ಕೆಲಸ ನಡೆಯುವಾಗ ಜೇನು ಏತಕ್ಕೆ? ಗ್ಲಿಸರಿನ್ ಸಸ್ಯಮೂಲದ್ದೂ ಇರಬಹುದು, ಪ್ರಾಣಿಯ ಕೊಬ್ಬಿನದ್ದೂ ಇರಬಹುದು. ತಿಳಿಯದೆ ಬಳಸುವುದಕ್ಕಿಂತ ಬಿಡುವುದು ಲೇಸು.

ಊದುವ ಸಾಧನಕ್ಕೆ ಹಿಡಿಸೂಡಿಯಿಂದ ಒಂದು ತೆಂಗಿನ ಕಡ್ಡಿಯನ್ನು ಎಳೆದು, ತುದಿಯನ್ನು ಬಳೆಯಂತೆ ಬಾಗಿಸಿ, ಹತ್ತಿಯ ನೂಲಿನಿಂದ ಸುತ್ತಿದರಾಯಿತು. ನೂಲು ದ್ರಾವಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಒಮ್ಮೆ ಅದ್ದಿದರೆ ನಾಲ್ಕಾರು ಗುಳ್ಳೆಗಳು ಹೊರಡುತ್ತವೆ. ಉದುರಿ ಒಣಗಿದ ಪಪ್ಪಾಯಿ ಎಲೆಯ ದಂಟು ಸ್ವಾಭಾವಿಕವಾದ ಕೊಳವೆ. ಅದನ್ನು ಚೆನ್ನಾಗಿ ತೊಳೆದು, ಬಾಯಿಯ ಕಡೆಗೆ ಒಂದು ಸಣ್ಣ ತೂತು ಮಾಡಿದರೆ, ಮಗು ಮರೆತು ಒಳಗೆಳೆದುಕೊಂಡರೂ ದ್ರಾವಣವು ಬಾಯಿಗೆ ಏರಿಬರುವುದು ತಪ್ಪುತ್ತದೆ. ಮೂರು ವರ್ಷಕ್ಕೆ ಕಿರಿಯರಿಗೆ ಕೊಳವೆ ಬೇಡ, ಕಡ್ಡಿಯ ಬಳೆಯೇ ಸಾಕು. ಅಂಟುವಾಳದ ನೀರು ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ. ನುಣುಪು ನೆಲದ ಮೇಲೆ ಚೆಲ್ಲಿದರೆ ಜಾರುತ್ತದೆ. ಆದ್ದರಿಂದ ಆಟ ಅಂಗಳದಲ್ಲಿ, ಹಿರಿಯರೊಬ್ಬರ ಜೊತೆಯಲ್ಲಿ ನಡೆಯಬೇಕು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಈ ‘ಜೊತೆ’ಯೇ ಆಗಿದೆ.

ಜೊತೆಗೆ ಕುಳಿತ ಹಿರಿಯನು ಮಗುವಿಗೆ ಏನನ್ನೆಲ್ಲ ತೋರಿಸಬಹುದು! ಕಡ್ಡಿಯನ್ನು ಮುಕ್ಕೋನವಾಗಿ ಬಾಗಿಸಿ ಊದಲು ಹೇಳಿರಿ. ಮುಕ್ಕೋನದ ಗುಳ್ಳೆ ಬರುವುದೆಂದು ಮಗು ಕಾಯುತ್ತದೆ. ಬರುವುದು ದುಂಡನೆಯ ಗುಳ್ಳೆಯೇ. ಒಳಗಿನ ಗಾಳಿಯನ್ನು ಸಾಧ್ಯವಾದಷ್ಟು ಕಡಿಮೆ ಪೊರೆಯಿಂದ ಮುಚ್ಚಬೇಕಾದರೆ ಗೋಲವಲ್ಲದೆ ಬೇರೆ ಆಕಾರವಿಲ್ಲ. ಮಳೆಗಾಲದ ಮುಂಜಾನೆ ಗುಳ್ಳೆ ಬಹಳ ಹೊತ್ತು ಬಾಳುವುದು, ಬಿಸಿಲೇರಿ ಗಾಳಿ ಬೀಸುವಾಗ ಬೇಗನೆ ಒಡೆಯುವುದು. ಗಾಳಿಯ ತೇವವನ್ನು ಮಗು ತನ್ನ ಕಣ್ಣಿನಿಂದಲೇ ಅಳೆಯುತ್ತದೆ. ಗಂಗೊಳ್ಳಿಯ ಪಂಚಗಂಗಾವಳಿಯ ದಡದಲ್ಲಿಯೂ ಕೋಡಿಬೆಂಗ್ರೆಯ ಅಳಿವೆಯ ಸುತ್ತಲೂ ಬೇಸಗೆಯ ಕೊನೆಗೆ ಬಾವಿಯ ನೀರು ಉಪ್ಪಾಗುವುದು ಎಲ್ಲರೂ ಬಲ್ಲ ಸಂಗತಿ. ಸಿಹಿನೀರಿನ ಬಟ್ಟಲಿಗೂ ಉಪ್ಪುನೀರಿನ ಬಟ್ಟಲಿಗೂ ಸಾಬೂನಿನ ಒಂದೊಂದು ಚೂರನ್ನು ಹಾಕಿ ಕದಡಲಿ. ಒಂದರಲ್ಲಿ ನೊರೆ ಏಳುತ್ತದೆ, ಮತ್ತೊಂದರಲ್ಲಿ ಸಾಬೂನು ಗಸಿಯಾಗಿ ನಿಲ್ಲುತ್ತದೆ. ತನ್ನ ಮನೆಯ ಬಾವಿಗೆ ಏನಾಗುತ್ತಿದೆಯೆಂಬುದನ್ನು ಆ ಮಗು ಯಾವ ಪಾಠಪುಸ್ತಕದಿಂದ ಇಷ್ಟು ಸ್ಪಷ್ಟವಾಗಿ ಕಲಿತೀತು?

ಇದು ಕೇವಲ ಮಕ್ಕಳಾಟವೆಂದು ಮೂಗು ಮುರಿಯುವವರು ಚರಿತ್ರೆಯನ್ನು ನೋಡಲಿ. ಗುಳ್ಳೆಯ ಮೇಲೆ ಹರಿದಾಡುವ ಬಣ್ಣಗಳನ್ನು ನ್ಯೂಟನ್ನನು 1704ರಲ್ಲಿ ಪ್ರಕಟವಾದ ತನ್ನ ಬೆಳಕಿನ ಗ್ರಂಥದಲ್ಲಿ ಸೂಕ್ಷ್ಮವಾಗಿ ವರ್ಣಿಸಿದ್ದಾನೆ. ಬೆಲ್ಜಿಯಂ ದೇಶದ ಜೋಸೆಫ್ ಪ್ಲಾಟೊ ಎಂಬ ವಿಜ್ಞಾನಿಗೆ ನಡುವಯಸ್ಸಿನಲ್ಲಿ ಕಣ್ಣು ಹೋಯಿತು. ಆತ ಮನೆಯವರ, ಮಿತ್ರರ ಕಣ್ಣುಗಳಿಂದ ನೋಡಿಸಿ, ಅವರಿಂದ ಕೇಳಿ ತಿಳಿದು, ಸಾಬೂನಿನ ಪೊರೆಗಳ ನಿಯಮಗಳನ್ನು ಕಂಡುಹಿಡಿದು 1873ರಲ್ಲಿ ಗ್ರಂಥರೂಪದಲ್ಲಿ ಹೊರತಂದನು. ನಮ್ಮ ಕೋಟದಲ್ಲಿಯೇ 1902ರಲ್ಲಿ ಜನಿಸಿದ ಡಾ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ಚಿತ್ರಗಳ ಮೂಲಕ ಮಕ್ಕಳಿಗೆ ಕಲಿಸಲು ಶ್ರಮಿಸಿದರು. ಕಸದಿಂದ ಆಟಿಕೆ ಮಾಡುವುದನ್ನು ದಶಕಗಳ ಕಾಲ ದೇಶದ ಮಕ್ಕಳಿಗೆ ಕಲಿಸಿದ ಅರವಿಂದ ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಇವರು ಯಾರೂ ಮಕ್ಕಳ ಆಟವನ್ನು ಕೀಳೆಂದು ಬಗೆಯಲಿಲ್ಲ.

ಇನ್ನು ಆಕ್ಷೇಪಗಳನ್ನು ವಿಚಾರಿಸೋಣ. ನಮ್ಮಲ್ಲಿ ಕೆಲವು ಧರ್ಮಶ್ರದ್ಧಾಳುಗಳು ಈ ಆಟವನ್ನೇ ಅನರ್ಥದಂಡವೆನ್ನುತ್ತಾರೆ. ಪ್ರಯೋಜನವಿಲ್ಲದೆ ನೀರು ಚೆಲ್ಲುವುದು, ಗಾಳಿ ಬೀಸುವುದು, ಗಿಡ ಕೀಳುವುದು ಪ್ರಮಾದಚರ್ಯೆಯೆಂದು ಸಮಂತಭದ್ರಾಚಾರ್ಯರ ಶ್ರಾವಕಾಚಾರದಲ್ಲಿ ಹೇಳಿರುವುದು ನಿಜ. ಆದರೆ ಅಲ್ಲಿ ‘ಪ್ರಯೋಜನವಿಲ್ಲದೆ’ ಎಂಬ ಮಾತಿದೆ, ಅದನ್ನು ಬಿಟ್ಟು ಓದಬಾರದು. ಒಂದು ಲೋಟ ಸೋಸಿದ ನೀರಿನಿಂದ ಮಗುವಿನಲ್ಲಿ ಗಮನ, ತಾಳ್ಮೆ, ಎಚ್ಚರಗಳು ಬೆಳೆಯುವುದಾದರೆ ಅದು ಪ್ರಮಾದವಲ್ಲ, ಪ್ರಮಾದಕ್ಕೆ ಮದ್ದು. ಉಳಿದ ಅಂಟುವಾಳದ ನೀರಿನಲ್ಲಿ ಪಾತ್ರೆ ತೊಳೆಯಬಹುದು. ಅದನ್ನು ತೋಡಿಗೋ ಕೆರೆಗೋ ಮಾತ್ರ ಚೆಲ್ಲಬಾರದು. ಆ ನೊರೆ ಮೀನುಗಳಿಗೆ ವಿಷ. ಬೇಲಿಯ ಕಾಡುಹರಳಿನ ಎಲೆ ಕಿತ್ತು ಅದರ ಸೊನೆಯಲ್ಲಿ ಗುಳ್ಳೆ ಊದುವ ಪದ್ಧತಿ ಹಳ್ಳಿಯ ಹುಡುಗರಲ್ಲಿತ್ತು. ಅದು ಬೇಡ. ಹಸಿರೆಲೆಯನ್ನು ಸುಮ್ಮನೆ ಕೀಳಿದಂತಾಗುತ್ತದೆ, ಆ ಗಿಡದ ಬೀಜವೂ ವಿಷಕಾರಿ. ಇವನ್ನೆಲ್ಲ ಆಡುತ್ತಾಡುತ್ತಲೇ ಹೇಳಿದರೆ ಮಗುವಿಗೆ ಅಹಿಂಸೆಯ ಮೊದಲ ಪಾಠವಾಗುತ್ತದೆ. ಪ್ಲಾಸ್ಟಿಕ್ ಪಿಸ್ತೂಲಿನ ವಿಷಯದಲ್ಲಿ ಮೌನವಾಗಿದ್ದು ಒಂದು ಲೋಟ ನೀರಿಗೆ ಶಾಸ್ತ್ರ ತೆಗೆಯುವುದು ನ್ಯಾಯವೇ?

ಜಾತ್ರೆಯ ಬಡ ವ್ಯಾಪಾರಿಯ ಹೊಟ್ಟೆಯ ಗತಿಯೇನೆಂಬುದು ಎರಡನೆಯ ಆಕ್ಷೇಪ. ನಾನೂ ವ್ಯಾಪಾರಿಯೇ, ಗಲ್ಲಾದ ಹಿಂದೆ ಕುಳಿತವನಿಗೆ ಬಿಕರಿಯಿಲ್ಲದ ದಿನದ ಸಂಕಟ ಗೊತ್ತು. ಆದರೆ ಗಿರಾಕಿ ಯಾವುದನ್ನು ಕೇಳುತ್ತಾನೋ ಅದನ್ನೇ ಅಂಗಡಿಯವನು ತಂದಿಡುತ್ತಾನೆ. ಕೊಡಿ ಹಬ್ಬದಲ್ಲಿ ಕಬ್ಬು ಕೊಳ್ಳಿರಿ, ಮರದ ಆಟಿಕೆಯನ್ನೋ ಮಣ್ಣಿನ ಕುಡಿಕೆಯನ್ನೋ ಕೇಳಿರಿ. ವ್ಯಾಪಾರ ನಿಲ್ಲುವುದಿಲ್ಲ, ಸರಕು ಬದಲಾಗುತ್ತದೆ.

ಸಮಯವಿಲ್ಲವೆಂಬುದು ಮೂರನೆಯ ಆಕ್ಷೇಪ, ಎಲ್ಲಕ್ಕಿಂತ ಗಂಭೀರವಾದುದು. ನಮ್ಮ ಕಡೆಯ ಎಷ್ಟೋ ಮನೆಗಳ ಯಜಮಾನರು ಬೆಂಗಳೂರು, ಮುಂಬಯಿಗಳಲ್ಲಿ ಹೋಟೆಲು ನಡೆಸುತ್ತಾರೆ, ಇಲ್ಲವೇ ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ರಜೆಯಲ್ಲಿ ಬರುವಾಗ ಪೆಟ್ಟಿಗೆ ತುಂಬ ಆಟಿಕೆ ತರುತ್ತಾರೆ. ತಮ್ಮ ಗೈರುಹಾಜರಿಯನ್ನು ವಸ್ತುಗಳಿಂದ ತುಂಬಿಕೊಡುವ ಆ ತಂದೆಯ ಮನಸ್ಸನ್ನು ನಾನು ಹಳಿಯಲಾರೆ. ಆದರೆ ಲೆಕ್ಕ ಬಲ್ಲವರು ಯೋಚಿಸಲಿ: ಮಗುವಿನ ಖಾತೆಯಲ್ಲಿ ಬಾಕಿ ನಿಂತಿರುವುದು ಹಣವಲ್ಲ, ಒಟ್ಟಿಗೆ ಕಳೆಯಬೇಕಾಗಿದ್ದ ಹೊತ್ತು. ಅದನ್ನು ಬೇರೆ ನಾಣ್ಯದಲ್ಲಿ ತೀರಿಸಲು ಬರುವುದಿಲ್ಲ. ಮನೆಯಲ್ಲಿಯೇ ಇರುವ ಅಜ್ಜ ಅಜ್ಜಿಯರಿಗಂತೂ ಈ ನೆಪವೂ ಇಲ್ಲ. ಅವರಲ್ಲಿ ಅನೇಕರು ಮಗುವಿನ ಕೈಗೆ ಮೊಬೈಲ್ ಕೊಟ್ಟು ಧಾರಾವಾಹಿ ನೋಡುತ್ತಾರೆಂಬುದು ನೋವಿನ ಸಂಗತಿ.

ಕಡೆಯದಾಗಿ, ಗುಳ್ಳೆ ಕಂಡೊಡನೆ ಉಪದೇಶಕ್ಕೆ ತೊಡಗುವ ಹಿರಿಯರಲ್ಲಿ ಒಂದು ಬಿನ್ನಹ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ. ಅದಕ್ಕೆ ನೀರಗುಳ್ಳೆ ಹಳೆಯ ಉಪಮಾನ. ಅದು ಪ್ರೌಢರ ಚಿಂತನೆಗೆ ಯೋಗ್ಯವೇ ಹೌದು. ಆದರೆ ನಾಲ್ಕು ವರ್ಷದ ಮಗುವಿಗೆ ‘ನೋಡು, ಸಂಸಾರವೂ ಹೀಗೆಯೇ’ ಎಂದು ಹೇಳಬೇಡಿರಿ. ಗುಳ್ಳೆ ಒಡೆದಾಗ ಅದು ಅಳುವುದಿಲ್ಲ, ನಕ್ಕು ಮತ್ತೆ ಕಡ್ಡಿಯನ್ನು ಅದ್ದುತ್ತದೆ. ಆ ನಗುವಿಗೆ ನಮ್ಮ ವ್ಯಾಖ್ಯಾನದ ಅಗತ್ಯವಿಲ್ಲ.

ಬರುವ ಬೇಸಗೆಯ ರಜೆಗಾಗಿ ಈಗಿನಿಂದಲೇ ಅಂಟುವಾಳ ಸಂಗ್ರಹಿಸಿಡಿರಿ. ಬಸದಿಯ ಪಾಠಶಾಲೆಗಳಲ್ಲಿ ವಾರಕ್ಕೊಂದು ಸಂಜೆ, ಮನೆಗಳಲ್ಲಿ ದಿನಕ್ಕೆ ಅರ್ಧ ಗಂಟೆಯನ್ನು ಮಕ್ಕಳಿಗೆಂದು ಮೀಸಲಿಡಿರಿ. ಕಾಯಿ ಒಡೆಯುವುದು, ನೀರು ಸೋಸುವುದು, ನೂಲು ಸುತ್ತುವುದು ಮಗುವಿನ ಕೈಯಿಂದಲೇ ನಡೆಯಲಿ. ಹಿರಿಯರು ಪಕ್ಕದಲ್ಲಿ ನೆಲದ ಮೇಲೆ ಕುಳಿತಿರಲಿ.