ಟೈಮ್‌ಔಟ್ ಅಂದ್ರೆ ‘ಆಗಿಲ್ಲ’ ಅಂತಲ್ಲ

ಮೊದಲ ವರ್ಷದ ರಜೆಯಲ್ಲಿ ನಾವು ಮೂವರು ತಿತಿಮತಿಯ ಗೆಳೆಯನ ಮನೆಯಲ್ಲಿದ್ವಿ. ಹೊರಗೆ ಜುಲೈ ಮಳೆ, ಒಳಗೆ ಲ್ಯಾಪ್‌ಟಾಪ್. ಒಂದು ಬ್ಯಾಂಕಿನ ಟ್ರೇಡಿಂಗ್ ಎಪಿಐಗೆ ಪೈಥಾನ್ ಲೈಬ್ರರಿ ಮೂಲಕ ಕೋಡ್ ಜೋಡಿಸೋದು ನಮ್ಮ ಪ್ಲಾನ್. ಲೈಬ್ರರಿ ಇನ್‌ಸ್ಟಾಲ್ ಮಾಡಿ, ಎಪಿಐ ಕೀ, ಆ ದಿನದ ಸೆಷನ್ ಟೋಕನ್ ಕೊಟ್ರೆ ಹತ್ತೇ ಸಾಲಲ್ಲಿ ಆರ್ಡರ್ ಹೋಗುತ್ತೆ. ಇಷ್ಟು ಸುಲಭಾನಾ ಅಂತ ಹಿಗ್ಗಿದ್ವಿ.

ಆಗಲೇ ಕರೆಂಟ್ ಹೋಯ್ತು. ಮೊಬೈಲ್ ಹಾಟ್‌ಸ್ಪಾಟ್‌ಗೆ ಬಂದ್ವಿ, ಸಿಗ್ನಲ್ ಒಂದೇ ಕಡ್ಡಿ. ಆರ್ಡರ್ ಹಾಕಿದಾಗ ‘ಟೈಮ್‌ಔಟ್’ ಅಂತ ಬಂತು. ನಾವೇ ಬರೆದಿದ್ದ ಲೂಪ್ ಅದೇ ಆರ್ಡರನ್ನ ಇನ್ನೊಂದು ಸಲ ಕಳಿಸ್ತು. ನೆಟ್‌ವರ್ಕ್ ಸರಿಯಾದ ಮೇಲೆ ನೋಡಿದ್ರೆ ಹತ್ತು ಷೇರಿನ ಜಾಗದಲ್ಲಿ ಇಪ್ಪತ್ತು! ದುಡ್ಡು ಗೆಳೆಯನದು, ಅವನ ಅಪ್ಪ ಮೆಣಸು ಮಾರಿ ಫೀಸ್‌ಗೆ ಅಂತ ಕೊಟ್ಟಿದ್ದು. ಸಣ್ಣ ನಷ್ಟದಲ್ಲೇ ಮಾರಿ ಹೊರಬಂದ್ವಿ. ಆದ್ರೆ ಆ ರಾತ್ರಿ ಅವರ ಎದುರು ಊಟಕ್ಕೆ ಕೂರೋದು ಕಷ್ಟ ಆಯ್ತು.

ತಪ್ಪು ಬ್ಯಾಂಕಿನದಲ್ಲ, ಲೈಬ್ರರಿಯದೂ ಅಲ್ಲ. ಟೈಮ್‌ಔಟ್ ಅಂದ್ರೆ ಉತ್ತರ ನಮಗೆ ತಲುಪಿಲ್ಲ ಅಂತ ಅಷ್ಟೇ. ಆರ್ಡರ್ ಅಲ್ಲಿಗೆ ತಲುಪಿರಬಹುದು. ಮತ್ತೆ ಕಳಿಸೋ ಮೊದಲು ಆರ್ಡರ್ ಬುಕ್ ಓದಬೇಕು. ಕೆಲವು ಎಪಿಐಗಳಲ್ಲಿ ಪ್ರತಿ ಆರ್ಡರ್‌ಗೆ ನಮ್ಮದೇ ಗುರುತು ಹಾಕಬಹುದು, ಅದನ್ನ ಹಾಕಿದ್ರೆ ಹುಡುಕೋದು ಸುಲಭ. ಲೈಬ್ರರಿ ಹಗುರ ಮಾಡೋದು ಕೆಲಸವನ್ನ, ಹೊಣೆಯನ್ನಲ್ಲ.

ಸೆಬಿಯ 2025ರ ಫೆಬ್ರವರಿ 4ರ ಸುತ್ತೋಲೆ ಎಪಿಐ ಬಳಸೋರಿಗೆ ಸ್ಟ್ಯಾಟಿಕ್ ಐಪಿ, ಎರಡು ಹಂತದ ದೃಢೀಕರಣ ಬೇಕು ಅನ್ನುತ್ತೆ. ನಾವು ಆಟ ಆಡಿದಾಗ ಅದಿನ್ನೂ ಜಾರಿಗೆ ಬಂದಿರಲಿಲ್ಲ. ಇದು ವಿದ್ಯಾರ್ಥಿಗಳಿಗೆ ಅಡ್ಡಿ ಅಂತ ಗೊಣಗೋ ಗೆಳೆಯರಿದ್ದಾರೆ. ನಮಗೆ ಹಾಗನ್ನಿಸಲ್ಲ. ಐಪಿ ಬದಲಾಗ್ತಾನೇ ಇರೋ ಹಾಟ್‌ಸ್ಪಾಟ್‌ನಿಂದ ಮನೆಯವರ ದುಡ್ಡು ಕಳಿಸೋಕೆ ಒಂದು ಬಾಗಿಲು ಇರಲೇಬೇಕು. ಆದ್ರೆ ಎರಡೆರಡು ಸಲ ಆರ್ಡರ್ ಹಾಕೋ ಲೂಪನ್ನ ಯಾವ ಸುತ್ತೋಲೆಯೂ ತಿದ್ದಲ್ಲ.

ಇನ್ನೊಂದು ಲೆಕ್ಕ: ಸೆಬಿಯ 2024ರ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯಾಪಾರ ಮಾಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ 93% ಜನ ದುಡ್ಡು ಕಳಕೊಂಡಿದ್ದಾರೆ. ಕೋಡ್ ಬರೆದ ಮಾತ್ರಕ್ಕೆ ನಾವು ಉಳಿದ 7% ಆಗಲ್ಲ.

ಹಾಗಂತ ಕಲಿಯೋದು ಬಿಡಿ ಅಂತಿಲ್ಲ. ಮೊದಲು ನಕಲಿ ದುಡ್ಡಲ್ಲಿ ಓಡಿಸಿ. ಬೇಕಂತಲೇ ವೈಫೈ ಆಫ್ ಮಾಡಿ ನೋಡಿ. ಹಾಸ್ಟೆಲ್‌ನ ಫಾಸ್ಟ್ ನೆಟ್‌ನಲ್ಲಿ ಪಾಸಾದ ಕೋಡ್, ತಿತಿಮತಿಯ ಮಳೆಯಲ್ಲೂ ಪಾಸಾದ್ರೆ ಮಾತ್ರ ಮೆಣಸಿನ ದುಡ್ಡಿನ ಮಾತು.